ಮಾರಿನ ಲೆಕ್ಕ, ಅಕ್ಕಿಯ ಲೆಕ್ಕ

ಮಂಗಳೂರಿನ ಹಳೆ ಬಂದರಿನಲ್ಲಿ ಹಗ್ಗದ ಅಂಗಡಿ ಇಟ್ಟವನಿಗೆ ಎರಡು ಬಗೆಯ ಗಿರಾಕಿಗಳು. ಒಬ್ಬ ಬಂದವನೇ ರೇಟು ಕೇಳುತ್ತಾನೆ. ಇನ್ನೊಬ್ಬ ಏನೂ ಕೇಳದೆ ಸುರುಳಿಯ ತುದಿ ಎಳೆದುಕೊಂಡು, ತಿರುವು ಬಿಚ್ಚಿ, ಒಳಗಿನ ಎಳೆಯನ್ನು ಬೆಳಕಿಗೆ ಹಿಡಿಯುತ್ತಾನೆ. ನಮ್ಮ ತಂದೆ ಮೊದಲನೆಯವನಿಗೆ ಹಗ್ಗ ಮಾರುತ್ತಿದ್ದರು. ಎರಡನೆಯವನಿಗೆ ಮೊದಲು ಚಹಾ ತರಿಸುತ್ತಿದ್ದರು. ಈ ಎರಡನೆಯವರು ಹೆಚ್ಚಾಗಿ ಹಾಯಿಯ ಕಾಲ ಕಂಡ ತಂಡೇಲರು, ಎಂದರೆ ದೋಣಿ ನಡೆಸುವ ಮುಖ್ಯಸ್ಥರು. ಮಂಜಿ ದೋಣಿಗಳಿಗೆ ಇಂಜಿನು ಬಂದು, ಹಾಯಿ ಹೆಸರಿಗೆ ಮಾತ್ರ ಉಳಿದ ಮೇಲೂ ಅವರ ಬೆರಳುಗಳು ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

ಹಗ್ಗ ಆರಿಸುವುದನ್ನು ನಾನು ಕಲಿತದ್ದು ಅವರಿಂದ. ಆದರೆ ಅವರ ಕಾಲದ ಕತ್ತದ, ಎಂದರೆ ತೆಂಗಿನ ನಾರಿನ, ಹಗ್ಗ ಅಷ್ಟು ಒಳ್ಳೆಯದೂ ಅಷ್ಟು ಅಗ್ಗವೂ ಆಗಿ ಹೇಗೆ ಸಿಗುತ್ತಿತ್ತು ಎಂಬ ಪ್ರಶ್ನೆಯನ್ನು ನಮ್ಮ ಅಂಗಡಿಯಲ್ಲಿ ಯಾರೂ ಎತ್ತಿದ್ದು ನೆನಪಿಲ್ಲ. ಲೆಕ್ಕದ ಪುಸ್ತಕ ಮಗನ ಕೈಗೆ ಕೊಟ್ಟು ಕುಳಿತ ಮೇಲೆ, ಜಿಲ್ಲೆಯ ಹಳೆಯ ಗೆಝೆಟಿಯರುಗಳನ್ನು ಓದುತ್ತಾ ಓದುತ್ತಾ ಉತ್ತರ ಸಿಕ್ಕಿತು. ಅದು ನಮ್ಮ ಬಂದರಿನಿಂದ ನೈಋತ್ಯಕ್ಕೆ, ಲಕ್ಷದ್ವೀಪದ ಅಮಿನಿ ಮತ್ತು ಅದರ ನೆರೆಯ ದ್ವೀಪಗಳ ಕಡೆ ಇತ್ತು.

ಮೊದಲು ಹಾಯಿಯವರ ಖರೀದಿಯ ಮಾತು. ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸಮುದ್ರಕ್ಕೆ ಬಾಗಿಲು ಹಾಕಿದ ಹಾಗೆ. ಪತ್ತೆಮಾರಿ, ಮಚ್ವೆ, ಮಂಜಿಗಳೆಲ್ಲ ಹೊಳೆಯ ಒಳಗೆ ಸೇರುತ್ತಿದ್ದವು ಅಥವಾ ದಡ ಏರುತ್ತಿದ್ದವು. ಹಾಯಿ, ಹಗ್ಗ ಎಲ್ಲವನ್ನೂ ಬಿಚ್ಚಿ ಒಣಗಿಸಿ ಅಟ್ಟಕ್ಕೆ ಏರಿಸಬೇಕು. ಮಳೆನೀರಿನಲ್ಲಿ ಬಿಟ್ಟ ಕತ್ತದ ಹಗ್ಗ ಒಳಗಿಂದ ಕೊಳೆಯುತ್ತದೆ. ಅದೇ ಹಗ್ಗ ಉಪ್ಪುನೀರಿನಲ್ಲಿ ಇದ್ದಷ್ಟು ದಿನ ಗಟ್ಟಿ. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ ಅಟ್ಟದಿಂದ ಇಳಿದ ಹಗ್ಗಗಳ ವಿಚಾರಣೆ ಶುರು: ಯಾವುದು ಇನ್ನೊಂದು ವರ್ಷ ಬರುತ್ತದೆ, ಯಾವುದನ್ನು ಕಡಿಮೆ ಭಾರದ ಕೆಲಸಕ್ಕೆ ಇಳಿಸಬೇಕು, ಯಾವುದು ಹೊಸದು ಬೇಕು. ಹಳೆಯ ಲಂಗರಿನ ಹಗ್ಗ ಮುಂದಿನ ವರ್ಷ ಸರಕು ಕಟ್ಟುವ ಹಗ್ಗವಾಗುತ್ತಿತ್ತು. ಅದರ ಮುಂದಿನ ವರ್ಷ ದೋಣಿ ದಕ್ಕೆಗೆ ಉಜ್ಜದಂತೆ ಇಳಿಬಿಡುವ ದಿಂಡಾಗುತ್ತಿತ್ತು. ಉಳಿತಾಯ ಎಂದರೆ ಅವರಿಗೆ ಕಡಿಮೆ ಬೆಲೆಗೆ ತರುವುದಲ್ಲ, ತಂದದ್ದನ್ನು ಮೂರು ಜನ್ಮ ದುಡಿಸುವುದು.

ಒಂದೇ ದೋಣಿಯಲ್ಲಿ ಎಷ್ಟು ಕೆಲಸವೋ ಅಷ್ಟು ಜಾತಿಯ ಹಗ್ಗ. ನಮ್ಮ ಕಡೆಯ ಹಾಯಿ ಮುಮ್ಮೂಲೆಯದು, ಉದ್ದನೆಯ ಅಡ್ಡಮರಕ್ಕೆ ಕಟ್ಟಿದ್ದು. ಕಂಬವೂ ಸ್ವಲ್ಪ ಮುಂದಕ್ಕೆ ವಾಲಿರುತ್ತದೆ. ಆ ಮರವನ್ನು ಹಾಯಿ ಸಮೇತ ಮೇಲಕ್ಕೆ ಎತ್ತುವ ಹಗ್ಗಕ್ಕೆ ಎಲ್ಲಕ್ಕಿಂತ ಹೆಚ್ಚು ಭಾರ. ಅದು ಹಿಗ್ಗಿದರೆ ಹಾಯಿ ಜೋತುಬೀಳುತ್ತದೆ, ದೋಣಿ ಗಾಳಿಯ ಎದುರಿಗೆ ಏರುವುದಿಲ್ಲ. ಲಂಗರಿನ ಹಗ್ಗದ ಧರ್ಮ ಇದಕ್ಕೆ ಪೂರ್ತಿ ಉಲ್ಟಾ: ಅದು ಹಿಗ್ಗಲೇಬೇಕು. ಅಲೆ ಎತ್ತಿ ಒಗೆದಾಗ ಬಿಗಿಯಾದ ಹಗ್ಗ ಒಂದೋ ತುಂಡಾಗುತ್ತದೆ, ಇಲ್ಲವೇ ಲಂಗರನ್ನೇ ಕಿತ್ತು ತರುತ್ತದೆ. ಇನ್ನು ಕಂಬವನ್ನು ಬದಿಯಿಂದ ಹಿಡಿದು ನಿಲ್ಲಿಸುವ ಹಗ್ಗಗಳು. ಪಶ್ಚಿಮದ ಹಡಗುಗಳಲ್ಲಿ ಅವು ಕಟ್ಟಿದಲ್ಲೇ ಕೂರುತ್ತವೆ. ನಮ್ಮವರು ಹಾಯಿಯ ಬದಿ ಬದಲಿಸಿದಾಗಲೆಲ್ಲ ಅವನ್ನು ಬಿಚ್ಚಿ ಗಾಳಿ ಬರುವ ಬದಿಗೆ ಕಟ್ಟಬೇಕು. ಅದೂ ಕತ್ತಲಲ್ಲಿ, ಒದ್ದೆ ಕೈಯಲ್ಲಿ. ಅಲ್ಲಿ ಗಂಟು ಜಾರದ, ಆದರೆ ಬೇಕೆಂದಾಗ ಬಿಚ್ಚಿಕೊಳ್ಳುವ ಹಗ್ಗವೇ ಸೈ.

ಕತ್ತ ಈ ಎಲ್ಲ ಕೆಲಸಕ್ಕೂ ಒಗ್ಗುತ್ತಿತ್ತು, ಆದರೆ ಎಲ್ಲದರಲ್ಲೂ ಮೊದಲನೆಯದಲ್ಲ. ಅದೇ ದಪ್ಪದ ಮನಿಲಾ ಹಗ್ಗದ ಅರ್ಧದಷ್ಟು ಬಲವೂ ಅದಕ್ಕಿಲ್ಲ. ಅಂಗೈ ಸುಲಿಯುತ್ತದೆ. ಹಾಯಿ ಎತ್ತುವುದಕ್ಕೆ ಬೇಕೆಂದರೆ ದಪ್ಪ ಹೆಚ್ಚಿಸಬೇಕು, ಆಗ ರಾಟೆಯ ತೂತೂ ದೊಡ್ಡದಾಗಬೇಕು. ಹಾಗಿದ್ದೂ ಆ ಕಾಲದ ಬೇರೆ ಯಾವ ನಾರಿನಲ್ಲೂ ಒಟ್ಟಿಗೆ ಸಿಗದ ಮೂರು ಗುಣ ಅದಕ್ಕೆ: ನೀರಿನ ಮೇಲೆ ತೇಲುತ್ತದೆ, ಚೆನ್ನಾಗಿ ಹಿಗ್ಗುತ್ತದೆ, ಉಪ್ಪಿಗೆ ಹೆದರುವುದಿಲ್ಲ. ಲಂಗರಿಗೂ ದೋಣಿ ಎಳೆಯುವುದಕ್ಕೂ ಇದಕ್ಕಿಂತ ಹೆಚ್ಚಿನದನ್ನು ಯಾರು ಕೇಳುತ್ತಾರೆ? ಗಾಂಜಾ ಜಾತಿಯ ಗಿಡದ ನಾರಿನಿಂದ ಹಗ್ಗ ಹೊಸೆದು ಜಗತ್ತು ಸುತ್ತಿದ ಇಂಗ್ಲಿಷ್ ನೌಕಾಪಡೆಯವರೂ ತೇಲುವ ಹಗ್ಗ ಬೇಕಾದಾಗ ಕತ್ತವನ್ನೇ ಕೇಳುತ್ತಿದ್ದರು.

ಇದರ ಕೀರ್ತಿ ಬಹಳ ಹಳೆಯದು. ಸುಮಾರು 1030ರಲ್ಲಿ ಬರೆದ ಅಲ್‌ಬಿರೂನಿ ನಮ್ಮ ಪಡುಗಡಲ ದ್ವೀಪಗಳನ್ನು ಎರಡು ಪಂಗಡ ಮಾಡುತ್ತಾನೆ: ಒಂದು ಕವಡೆಯ ದ್ವೀಪಗಳು, ಇನ್ನೊಂದು ಕತ್ತದ ದ್ವೀಪಗಳು. ಒಂದು ನಾಡನ್ನು ಅದು ಹೊಸೆಯುವ ಹಗ್ಗದಿಂದಲೇ ಗುರುತಿಸಬೇಕಾದರೆ ಆ ಹಗ್ಗ ಎಷ್ಟು ದೂರ ಹೋಗಿರಬೇಕು! 13ನೇ ಶತಮಾನದ ಕೊನೆಗೆ ಮಾರ್ಕೊ ಪೋಲೋ ಹಾರ್ಮುಜ್‌ನಲ್ಲಿ ಕತ್ತದಿಂದ ಹೊಲಿದ ಹಡಗುಗಳನ್ನು ಕಂಡು ಇವು ಕೆಲಸಕ್ಕೆ ಬಾರದವು ಎಂದ. ಅವನು ಮೊಳೆಯ ಊರಿನವನು. 1340ರ ದಶಕದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡು, ಮಾಲ್ದೀವಿನಲ್ಲಿ ಕಾಜಿಯೂ ಆಗಿದ್ದ ಇಬ್ನ್ ಬತೂತನಿಗೆ ವಿಷಯ ಹೆಚ್ಚು ತಿಳಿದಿತ್ತು. ತೆಂಗಿನ ಸಿಪ್ಪೆಯನ್ನು ದಡದ ಗುಂಡಿಗಳಲ್ಲಿ ಕೊಳೆಹಾಕುವುದು, ಬಡಿಯುವುದು, ಹೆಂಗಸರು ನೂಲುವುದು ಎಲ್ಲವನ್ನೂ ಅವನು ವಿವರಿಸುತ್ತಾನೆ. ಭಾರತ, ಯಮನ್‌ಗಳ ಹಡಗುಗಳನ್ನು ಇದರಿಂದಲೇ ಹೊಲಿಯುತ್ತಾರೆ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂದೂ ಬರೆಯುತ್ತಾನೆ. ಪೋರ್ಚುಗೀಸರು ಬಂದಾಗ ಮಾಲ್ದೀವಿನಿಂದ ಕೇಳಿದ್ದೂ ಈ ಹಗ್ಗವನ್ನೇ. ಮೆಣಸು ಕೊಳ್ಳಲು ಬಂದ ಹಡಗಿಗೂ ಲಂಗರು ಹಾಕಲು ಹಗ್ಗ ಬೇಕಲ್ಲ.

ಹೊಸೆಯುವ ಕ್ರಮ ನಮ್ಮ ಅಜ್ಜಂದಿರ ಕಾಲದವರೆಗೂ ಹೆಚ್ಚು ಬದಲಾಗಿರಲಿಲ್ಲ. ದ್ವೀಪದ ಒಳಗಡಲಿನ ದಡದಲ್ಲಿ, ಭರತದ ನೀರು ಬಂದು ಹೋಗುವ ಜಾಗದಲ್ಲಿ ಗುಂಡಿ ತೋಡಿ ಸಿಪ್ಪೆ ಹೂತು, ತೇಲದಂತೆ ಮೇಲೆ ಕಲ್ಲು ಹೇರುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರಬೇಕು. ತೆಗೆದ ಮೇಲೆ ಕೊಡತಿಯಿಂದ ಬಡಿದು, ತೊಳೆದು, ಒಣಗಿಸಿ, ಎರಡು ಅಂಗೈಗಳ ನಡುವೆ ಹೊಸೆದರೆ ಹುರಿ. ಹುರಿಗಳನ್ನು ಎದುರು ದಿಕ್ಕಿಗೆ ತಿರುಚಿದರೆ ಎಳೆ, ಅಂಥ ಮೂರು ಎಳೆಗಳನ್ನು ಮತ್ತೆ ಎದುರು ದಿಕ್ಕಿಗೆ ತಿರುಚಿದರೆ ಹಗ್ಗ. ಒಂದರ ತಿರುವು ಬಿಚ್ಚಲು ನೋಡಿದರೆ ಇನ್ನೊಂದರದು ಬಿಗಿಯುತ್ತದೆ. ಹಗ್ಗ ನಿಂತಿರುವುದೇ ಈ ಜಗಳದ ಮೇಲೆ. ತಿರುವು ಸಡಿಲವಾದರೆ ಹಗ್ಗ ಮೃದುವಾಗಿ ಬಲವಾಗಿರುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯಾದರೆ ಸವೆತ ತಡೆಯುತ್ತದೆ, ಬಲ ಸ್ವಲ್ಪ ಕಳೆದುಕೊಳ್ಳುತ್ತದೆ. ಲಂಗರಿಗೆ ಗಟ್ಟಿ ತಿರುವು, ಕೈಯಲ್ಲಿ ಆಡಿಸುವ ಹಾಯಿಯ ಹಗ್ಗಕ್ಕೆ ಸಡಿಲ ತಿರುವು: ತಂಡೇಲರು ಬೆರಳಲ್ಲೇ ತೂಗಿ ನೋಡುತ್ತಿದ್ದದ್ದು ಇದನ್ನು.

ಅವರು ನೋಡುತ್ತಿದ್ದದ್ದು ಇನ್ನೂ ಕೆಲವು. ಒಮ್ಮೆ ಹಿರಿಯ ತಂಡೇಲರೊಬ್ಬರು ಒಂದು ಸುರುಳಿಯನ್ನು ನೆಲಕ್ಕೆ ಕುಕ್ಕಿ, ಕೆಳಗೆ ಉದುರಿದ್ದನ್ನು ಕಾಲಿನಿಂದ ಸರಿಸಿ ತಂದೆಯವರ ಮುಖ ನೋಡಿದರು.

“ಸಾವ್ಕಾರ್ರೇ, ಇದಕ್ಕೆ ತೂಕ ಉಂಟು, ಜೀವ ಇಲ್ಲ ಮಾರಾಯ್ರೆ.”

“ಹೊಯಿಗೆ ಉಂಟು ಅಂತ ಹೇಳ್ತೀರಾ ತಂಡೇಲ್ರೇ?”

“ನಾನೆಂತ ಹೇಳುದು? ನಾಲಗೆಗೆ ಇಟ್ಟು ನೋಡಿ. ಇದು ಹೊಳೆಯ ಕೆಸರಲ್ಲಿ ಕೊಳೆಸಿದ್ದು. ದ್ವೀಪದ್ದಾದ್ರೆ ಉಪ್ಪು ಹೇಳ್ತದೆ.”

ತಂದೆ ವಾದ ಮಾಡಲಿಲ್ಲ. ಆ ಸುರುಳಿ ಬಾವಿಗೂ ಹಟ್ಟಿಗೂ ಹಗ್ಗ ಕೇಳುವವರ ಕಡೆಗೆ ಹೋಯಿತು. ಕತ್ತ ತೂಕದ ಮೇಲೆ ಹೋಗುವ ಮಾಲು, ಆದ್ದರಿಂದ ತೂಕವೇ ಅದರ ಮೋಸದ ಬಾಗಿಲು. ಮರಳು, ತೇವ, ಬಡಿಯದೆ ಉಳಿಸಿದ ಪುಡಿ, ನಡುವಿನ ಎಳೆಯಲ್ಲಿ ಹಳೆಯ ನಾರು, ಇವೆಲ್ಲ ತಕ್ಕಡಿಗೆ ಒಳ್ಳೆಯವು, ದೋಣಿಗೆ ಕೆಟ್ಟವು. ಉದ್ದವನ್ನು ಮಾತ್ರ ಮಾರಿನ ಲೆಕ್ಕದಲ್ಲಿ ಅಳೆಯುತ್ತಿದ್ದರು, ಎರಡೂ ಕೈ ಚಾಚಿ. ಇಂಗ್ಲಿಷರ ಹಡಗುಗಳಲ್ಲೂ ಅಳತೆ ಅದೇ, ಆರು ಅಡಿಯ ಮಾರು. ಈಗಲೂ ಕಾರ್ಖಾನೆಯ ಸುರುಳಿ 220 ಮೀಟರ್ ಇರುವುದೇಕೆ ಎಂದು ಕೇಳುವವರಿದ್ದಾರೆ. ಅದು 120 ಮಾರು, ಅಷ್ಟೆ.

ಇನ್ನು ಅಕ್ಕಿಯ ಲೆಕ್ಕ. ಅಮಿನಿಯ ಕಡೆಯ ಈ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅಲ್ಲಿಯ ಆಡಳಿತ 18ನೇ ಶತಮಾನದಲ್ಲಿ ಕತ್ತದ ವ್ಯಾಪಾರವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಹೊಸೆದದ್ದನ್ನೆಲ್ಲ ಅವರಿಗೇ ಕೊಡಬೇಕು, ಅವರು ಹೇಳಿದ ದರಕ್ಕೆ. 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ನಮ್ಮನ್ನು ನೀವೇ ಆಳಿ ಎಂದು ಟಿಪ್ಪು ಸುಲ್ತಾನನನ್ನು ಕೇಳಿಕೊಂಡರು. ಮಾತುಕತೆ ನಡೆದು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದು ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಉಳಿದ ಸೊತ್ತಿನ ಜೊತೆ ಇವೂ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಗಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿ, ಅವರು ಕೇಂದ್ರಾಡಳಿತಕ್ಕೆ ಹೋಗುವವರೆಗೆ ಆ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ನೂರೈವತ್ತು ವರ್ಷಕ್ಕೂ ಮೇಲ್ಪಟ್ಟ ಈ ಸಂಬಂಧವನ್ನು ನಮ್ಮ ಊರು ಎಷ್ಟು ಸಲೀಸಾಗಿ ಮರೆತಿತು!

ಅರಕ್ಕಲ್‌ನ ಹಿಡಿತ ತಪ್ಪಿಸಿಕೊಂಡ ಅಮಿನಿಯವರಿಗೆ ಕತ್ತದ ಹಿಡಿತ ತಪ್ಪಲಿಲ್ಲ. ಕಂಪೆನಿ ಏಕಸ್ವಾಮ್ಯವನ್ನು ಹಾಗೆಯೇ ಮುಂದುವರಿಸಿತು. ದ್ವೀಪಗಳಲ್ಲಿ ಭೂಕಂದಾಯ ಎತ್ತುವ ದಾರಿಯೇ ಅದಾಗಿತ್ತು. ಅಮಿನಿಯಲ್ಲಿ ಸರಕಾರದ ಪರವಾಗಿ ಒಬ್ಬ ಮಣೇಗಾರ. ಮಳೆ ಮುಗಿದ ಮೇಲೆ ದ್ವೀಪದವರು ತಮ್ಮ ಓಡಂ ದೋಣಿಗಳಲ್ಲಿ ಹುರಿ ತುಂಬಿಕೊಂಡು ಮಂಗಳೂರಿಗೆ ಬಂದು ಸರಕಾರಿ ಗೋದಾಮಿಗೆ ಒಪ್ಪಿಸಬೇಕು. ಸರಕಾರ ಗೊತ್ತುಮಾಡಿದ ದರ, ಅದರಲ್ಲೂ ಒಂದು ಪಾಲು ಹಣ, ಒಂದು ಪಾಲು ಅಕ್ಕಿ. ಆ ಹುರಿಯನ್ನು ಸರಕಾರ ಪೇಟೆಯಲ್ಲಿ ಮಾರಿದಾಗ ಬಂದ ಅಂತರವೇ ಕಂದಾಯ. 1924ರಲ್ಲಿ ಆರ್. ಎಚ್. ಎಲ್ಲಿಸ್ ಎಂಬ ಅಧಿಕಾರಿ ಈ ದ್ವೀಪಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಆ ಹೊತ್ತಿಗೂ ಕತ್ತದ ಕಟ್ಟು ಬಿಟ್ಟುಹೋಗಿರಲಿಲ್ಲ.

ಅಂಗಡಿಯವನ ಕಣ್ಣಿನಿಂದ ಇದನ್ನು ನೋಡಿ. ಹವಳದ ಮರಳಿನ ಆ ನೆಲದಲ್ಲಿ ಉಣ್ಣುವಷ್ಟು ಭತ್ತ ಬೆಳೆಯುವುದಿಲ್ಲ, ಅಕ್ಕಿ ದಡದಿಂದಲೇ ಹೋಗಬೇಕು. ಮಾರುವವನಿಗೆ ಒಬ್ಬನೇ ಗಿರಾಕಿ. ಆ ಗಿರಾಕಿಯೇ ಅವನ ಅಕ್ಕಿಯಂಗಡಿಯೂ ಹೌದು. ಕತ್ತದ ದರ, ಅಕ್ಕಿಯ ದರ ಎರಡನ್ನೂ ಒಂದೇ ಕೈ ಬರೆಯುವಾಗ ಚೌಕಾಸಿ ಎಲ್ಲಿಂದ? ಗಾಳಿ ತಿರುಗುವ ಮೊದಲು ಊರು ಸೇರಬೇಕಾದ ಓಡಂ ನಮ್ಮ ದಕ್ಕೆಯಲ್ಲಿ ಎಷ್ಟು ದಿನ ಕಾಯಲು ಸಾಧ್ಯ? ಅವರ ಮನೆಯಲ್ಲಿ ಈ ಹುರಿ ಹೊಸೆದವರು ಹೆಂಗಸರು. ನಮ್ಮ ಅಳಿಯಸಂತಾನದಂತೆ ಅಲ್ಲಿಯೂ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿ. ತೋಟವೂ ಅವರದು, ದುಡಿಮೆಯೂ ಅವರದು. ತಕ್ಕಡಿ ಮಾತ್ರ ಸಮುದ್ರದ ಈಚೆ, ಇನ್ನೊಬ್ಬರ ಕೈಯಲ್ಲಿ. ಒಂದು ವರ್ಷ ಕೊಳೆಸಿ, ಬಡಿದು, ಅಂಗೈ ಸವೆಸಿ ಹೊಸೆದದ್ದರ ಬೆಲೆಯನ್ನು ಅವರು ಒಮ್ಮೆಯೂ ಹೇಳಿದ್ದಿಲ್ಲ.

ತಂದೆ ಹೇಳುತ್ತಿದ್ದ “ದ್ವೀಪದ ಮಾಲು, ಒಳ್ಳೆಯದು, ಅಗ್ಗ” ಎಂಬ ಮಾತಿನ ಹಿಂದೆ ಇಷ್ಟು ಇತ್ತು. ಒಳ್ಳೆಯದಾಗಿದ್ದಕ್ಕೆ ಕಾರಣ ಒಳಗಡಲಿನ ಉಪ್ಪುನೀರು ಮತ್ತು ಆ ಕೈಗಳು. ಅಗ್ಗವಾಗಿದ್ದಕ್ಕೆ ಕಾರಣ ಸರಕಾರದ ತಕ್ಕಡಿ. ಹಾಯಿದೋಣಿಯವನಿಗೆ ಲಾಭವಾಯಿತು, ನಮ್ಮಂಥ ಅಂಗಡಿಯವರಿಗೂ ಆಯಿತು. ಕುವೈತಿನಿಂದ ಖರ್ಜೂರ ತಂದು ಮಲಬಾರಿನ ಕರಾವಳಿಯಲ್ಲಿ ಮರ, ಹಗ್ಗ ತುಂಬಿಕೊಂಡು ಹೋಗುತ್ತಿದ್ದ ಅರಬರ ಹಡಗುಗಳಿಗೂ ಆಯಿತು.

ಹಗ್ಗದ ವಿಷಯದಲ್ಲಿ ಸರಕಾರಗಳಿಗೆ ಯಾಕಿಷ್ಟು ಆಸೆ ಎಂದು ಕೇಳಬಹುದು. ಇಂಗ್ಲಿಷ್ ನೌಕಾಧಿಪತಿ ನೆಲ್ಸನ್ನನ ಹಡಗು ವಿಕ್ಟರಿಗೆ ಸುಮಾರು 26 ಮೈಲಿ ಹಗ್ಗ ಬೇಕಾಗಿತ್ತು ಎಂದರೆ ಸಾಕು. ಇಂಗ್ಲೆಂಡಿನ ಚ್ಯಾಟಮ್‌ನಲ್ಲಿ ಆ ಕೆಲಸಕ್ಕೆಂದೇ ಕಾಲು ಮೈಲಿಯಷ್ಟು ಉದ್ದಕ್ಕೆ ಒಂದು ಕಟ್ಟಡವಿದೆ, 18ನೇ ಶತಮಾನದ ಕೊನೆಯದು, ಇಂದಿಗೂ ಅದರಲ್ಲಿ ಹಗ್ಗ ಹೊಸೆಯುತ್ತಾರೆ. ಅಲ್ಲಿಯ ಹಗ್ಗದ ಒಳಗೆ ಬೇರೆ ಬಣ್ಣದ ಒಂದು ನೂಲು ಸೇರಿಸುವ ಪದ್ಧತಿ ಇತ್ತು. ಯಾರಾದರೂ ಕದ್ದು ಮಾರಿದರೆ ತಿರುವು ಬಿಚ್ಚಿದೊಡನೆ ಅರಸನ ಮಾಲು ಎಂದು ಸಿಕ್ಕಿಬೀಳಬೇಕು. ಅವರ ನಾರು ಬರುತ್ತಿದ್ದದ್ದು ರಷ್ಯದಿಂದ. 1807ರಲ್ಲಿ ರಷ್ಯ ನೆಪೋಲಿಯನ್ನನ ಜೊತೆ ಕೈಜೋಡಿಸಿದಾಗ ಆ ದಾರಿ ಇಕ್ಕಟ್ಟಾಯಿತು. ಕಂಪೆನಿ ಆಗ ನಮ್ಮ ರೈತರು ಹಸಿರುಗೊಬ್ಬರಕ್ಕೂ ನಾರಿಗೂ ಬಿತ್ತುವ ಅಪ್‌ಸೆಣಬಿನ ಮೇಲೆ ಕಣ್ಣು ಹಾಕಿತು. ಕಲ್ಕತ್ತೆಯ ಸಸ್ಯೋದ್ಯಾನದ ರಾಕ್ಸ್‌ಬರ್ಗ್ ಆ ಕಾಲದಲ್ಲಿ ಭಾರತದ ನಾರುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದ್ದ. 1850ರ ದಶಕದ ಕ್ರೈಮಿಯ ಯುದ್ಧದಲ್ಲಿ ರಷ್ಯದ ನಾರಿಗೆ ಮತ್ತೆ ಅಡ್ಡಿ, ಮತ್ತೆ ಹುಡುಕಾಟ. ಅಷ್ಟರಲ್ಲಿ ಫಿಲಿಪ್ಪೀನ್ಸಿನ ಕಾಡುಬಾಳೆಯ ನಾರು ಮನಿಲಾ ಹೆಸರಿನಲ್ಲಿ ಜಗತ್ತಿನ ಹಾಯಿಗಳನ್ನು ಎತ್ತತೊಡಗಿತ್ತು. ಡಾಂಬರು ಬೇಡ, ಉಪ್ಪು ತಡೆಯುತ್ತದೆ, ಕೈಗೆ ಹಿತ. ನಮ್ಮ ಬಂದರಿನಲ್ಲೂ ಅನುಕೂಲಸ್ಥರು ಹಾಯಿ ಎತ್ತಲು ಮನಿಲಾ, ಲಂಗರಿಗೆ ಕತ್ತ ಎಂದು ಹಂಚಿಕೊಂಡರು. ಅದು ಜಾಣ ಹಂಚಿಕೆ.

ಆ ಹಂಚಿಕೆಯನ್ನು ಕೆಡಿಸಿದ್ದು ಪ್ಲಾಸ್ಟಿಕ್. 1935ರಲ್ಲಿ ಅಮೆರಿಕದಲ್ಲಿ ನೈಲಾನ್, 1941ರಲ್ಲಿ ಇಂಗ್ಲೆಂಡಿನಲ್ಲಿ ಪಾಲಿಯೆಸ್ಟರ್ ನೂಲು, 1954ರಲ್ಲಿ ಇಟಲಿಯಲ್ಲಿ ಪಾಲಿಪ್ರೊಪಿಲೀನ್ ಹುಟ್ಟಿದವು. ನಮ್ಮ ಕರಾವಳಿಯ ಮೀನುಗಾರಿಕೆಗೆ ಯಂತ್ರ ಬಂದ ಹಾಗೆ ಇವೂ ಅಂಗಡಿಯ ಕಪಾಟು ಏರಿದವು. 12 ಮಿಲಿಮೀಟರ್ ದಪ್ಪದ ಮೂರೆಳೆ ಹಗ್ಗ ತೆಗೆದುಕೊಳ್ಳಿ: ಮನಿಲಾ ಸುಮಾರು 1 ಟನ್ ಭಾರಕ್ಕೆ ತುಂಡಾದರೆ ಪಾಲಿಪ್ರೊಪಿಲೀನ್ 2 ಟನ್, ನೈಲಾನ್ 3 ಟನ್ ಹತ್ತಿರ ಹೋಗುತ್ತದೆ. ಈ ಲೆಕ್ಕದ ಮುಂದೆ ಕತ್ತ ನಿಲ್ಲುವುದುಂಟೆ? ಅಳತೆಯೂ ಬದಲಾಯಿತು. ಹಿಂದೆ ಹಗ್ಗದ ಸುತ್ತಳತೆಯನ್ನು ಇಂಚಿನಲ್ಲಿ ಹೇಳುತ್ತಿದ್ದರು, ಈಗ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ. ಮೂರಿಂಚು ಎಂದು ಕೇಳಿದ ಮುದುಕರಿಗೆ ಮೂರಿಂಚು ದಪ್ಪದ ಹಗ್ಗ ತೋರಿಸಿ ಬೈಸಿಕೊಂಡ ಹೊಸ ಹುಡುಗರನ್ನು ಬಂದರಿನ ಪ್ರತಿ ಅಂಗಡಿಯೂ ಕಂಡಿದೆ. ಅವರು ಕೇಳಿದ್ದು 24 ಮಿಲಿಮೀಟರಿನದು.

ಮೋಸದ ಬಾಗಿಲು ಕೂಡ ಜಾಗ ಬದಲಿಸಿತೇ ಹೊರತು ಮುಚ್ಚಲಿಲ್ಲ. ಕರಗಿಸಿದ ಹಳೆಯ ಪ್ಲಾಸ್ಟಿಕ್ ಬೆರೆತ ಹಗ್ಗ ಹೊಸದರಲ್ಲಿ ಚೆನ್ನಾಗಿಯೇ ಹೊಳೆಯುತ್ತದೆ, ಬಿಸಿಲಿಗೆ ಬಿದ್ದ ಮೇಲೆ ಉಜ್ಜಿದರೆ ಪುಡಿ ಉದುರುತ್ತದೆ. ತಂಡೇಲರ ಪಾಠ ಇಲ್ಲಿಯೂ ನಡೆಯುತ್ತದೆ: ತಿರುವು ಬಿಚ್ಚಿ ಒಳಗೆ ನೋಡು, ಅಂಗೈಗೆ ಉಜ್ಜು, ಅಷ್ಟೇ ದಪ್ಪದ ಇನ್ನೊಂದರ ಜೊತೆ ತೂಗು.

ಕತ್ತದ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಹಾಯಿಹಡಗಿಗೆ ಕೌಂಡಿನ್ಯ ಎಂದು ಹೆಸರಿಟ್ಟು ನೌಕಾಪಡೆಗೆ ಸೇರಿಸಿಕೊಂಡರು. ಅಜಂತಾದ ಚಿತ್ರವೊಂದನ್ನು ಆಧಾರ ಮಾಡಿಕೊಂಡು ಗೋವಾದಲ್ಲಿ ಕಟ್ಟಿದ್ದು. ಹಲಗೆಗಳನ್ನು ಜೋಡಿಸಿರುವುದು ಕತ್ತದ ಹೊಲಿಗೆಯಿಂದ. ಹೊಲಿಸಿದವರು ಕೇರಳದ ಹಿರಿಯ ಕಸುಬುದಾರ ಬಾಬು ಶಂಕರನ್ ಮತ್ತು ಅವರ ತಂಡ. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಅದು ಪೋರಬಂದರದಿಂದ ಮಸ್ಕತ್ತಿನ ಕಡೆ ಹೊರಟಿತು. ಇದಕ್ಕೂ ಮೊದಲು, 1980ರ ಸುಮಾರಿಗೆ, ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನಲ್ಲಿ ಇಂಥದೇ ಒಂದು ಹಡಗು ಹೊಲಿಸಲು ಹೊರಟಾಗ ಕಸುಬು ತಿಳಿದವರಿಗಾಗಿ ಲಕ್ಷದ್ವೀಪಕ್ಕೇ ಬರಬೇಕಾಯಿತು. ಒಂದು ಕಾಲಕ್ಕೆ ಅಕ್ಕಿ ಅಳೆದು ಕೊಟ್ಟು ಕಳಿಸುತ್ತಿದ್ದ ಕೈಕೆಲಸಕ್ಕೆ ಈಗ ದೇಶದ ಪತ್ರಿಕೆಗಳಲ್ಲಿ ಫೋಟೊ. ಸಂತೋಷವೇ. ಆದರೆ ಹೊಗಳಿಕೆ ಹಡಗು ಹೊಲಿದವರ ತನಕ ಬಂದು ನಿಲ್ಲುತ್ತದೆ, ಹುರಿ ಹೊಸೆದ ಹೆಂಗಸರ ತನಕ ಹೋಗುವುದಿಲ್ಲ.

ಹವ್ಯಾಸಕ್ಕೆ ಸಣ್ಣ ಹಾಯಿದೋಣಿ ಇಟ್ಟುಕೊಂಡ ಹುಡುಗರು ಈಗಲೂ ಅಂಗಡಿಗೆ ಬರುತ್ತಾರೆ, ಮಗ ಅವರನ್ನು ನನ್ನ ಕುರ್ಚಿಯ ಕಡೆ ಕಳಿಸುತ್ತಾನೆ. ಎಲ್ಲಕ್ಕೂ ಒಂದೇ ಸುರುಳಿ ಕೊಂಡರೆ ಅಗ್ಗವಾಗುತ್ತದಲ್ಲ ಅಂಕಲ್ ಎನ್ನುತ್ತಾರೆ. ಆಗುವುದಿಲ್ಲ. ಹಾಯಿ ಎತ್ತುವುದಕ್ಕೆ ಹಿಗ್ಗದ ಪಾಲಿಯೆಸ್ಟರ್ ತೆಗೆದುಕೊ, ದುಡ್ಡು ಹಾಕಬೇಕಾದ್ದು ಅಲ್ಲಿ. ಲಂಗರಿಗೆ ಹಿಗ್ಗುವ ನೈಲಾನ್. ನೀರಿಗೆ ಬಿದ್ದವನಿಗೆ ಎಸೆಯುವುದಕ್ಕೆ ತೇಲುವ ಪಾಲಿಪ್ರೊಪಿಲೀನ್, ಅದನ್ನು ಬಿಸಿಲಲ್ಲಿ ಬಿಡಬೇಡ. ಕೈಗೆ ಹಿಡಿತ ಸಿಗುವಷ್ಟು ದಪ್ಪ ಇರಲಿ, ಬಲದ ಲೆಕ್ಕ ಆಮೇಲೆ. ವರ್ಷಕ್ಕೊಮ್ಮೆ ತುದಿ ಬದಲಿಸಿ ಕಟ್ಟು, ಸವೆತ ಒಂದೇ ಜಾಗಕ್ಕೆ ಬೀಳದಿರಲಿ. ಕೆಳಗಿಳಿಸಿದ ಹಗ್ಗವನ್ನು ಎಸೆಯಬೇಡ.

ಇಷ್ಟು ಹೇಳಿಯೂ ಕೆಲವರು ಇನ್ನೊಂದು ಅಂಗಡಿಯ ರೇಟು ತೋರಿಸುತ್ತಾರೆ, ಅರ್ಧಕ್ಕರ್ಧ ಕಡಿಮೆ. ಕೊಂಡುಕೋ, ಆದರೆ ಮೊದಲು ತಿರುವು ಬಿಚ್ಚಿ ನೋಡು ಎನ್ನುತ್ತೇನೆ. ಬೆಲೆ ಕಡಿಮೆಯಾಗಿದ್ದರೆ ಎಲ್ಲೋ ಒಂದು ಕಡೆ ಏನೋ ಕಡಿಮೆಯಾಗಿರಲೇಬೇಕು. ಹಗ್ಗದಲ್ಲಿ ಆಗಿದ್ದರೆ ಬೆರಳಿಗೆ ಸಿಗುತ್ತದೆ. ಹಗ್ಗ ಚೆನ್ನಾಗಿಯೇ ಇದ್ದರೆ, ಹೊಸೆದವರ ಕೂಲಿಯಲ್ಲಿ ಆಗಿದೆ. ಅದನ್ನು ಪರೀಕ್ಷೆ ಮಾಡಲು ಯಾವ ತಂಡೇಲರೂ ನನಗೆ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ನೀವು ಕೇಳಿ.